ಮೊದಲು ಕಬ್ಬಿಣ ಮುಟ್ಟಿ

ಅಂಬುಜಾಕ್ಷಿಯ ದಿನಚರಿಯಲ್ಲಿ ೨೦೧೪ರ ಫೆಬ್ರವರಿ ೪, ಮಂಗಳವಾರದ ಪುಟ ಹೀಗಿದೆ: "ವಸಂತ ಪಂಚಮಿ. ಗ್ರಾಫಿಕ್ಸ್ ಕಾರ್ಡು ಬಂತು. ಹತ್ತೂವರೆಗೆ ನಾನೇ ಕೂರಿಸಿದೆ. ಬೆರಳ ತುದಿಯಲ್ಲಿ ಚುರ್ ಎಂದಿತು. ಪರದೆ ಹತ್ತಲಿಲ್ಲ. ಕಾರ್ಡು ಬರುವಾಗಲೇ ಕೆಟ್ಟಿತ್ತು."

ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದಳು.

ನದಿಯ ದಡದ ಆ ಆಶ್ರಮದಲ್ಲಿ ಒಂದು ಕೋಣೆ ತುಂಬ ಓಲೆಗರಿಗಳಿದ್ದವು. ಅವುಗಳ ಫೋಟೊ ತೆಗೆದು, ಮಾಸಿದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ಓದುವ ಕೆಲಸ ಅಂಬುಜಾಕ್ಷಿಯದು. ಅಷ್ಟು ದೊಡ್ಡ ಚಿತ್ರಗಳನ್ನು ಎಳೆಯಲಾರದೆ ಹಳೆಯ ಯಂತ್ರ ಏದುಸಿರು ಬಿಡುತ್ತಿತ್ತು. ಅದಕ್ಕೇ ಹೊಸ ಕಾರ್ಡು.

ಅವಳೇನು ಸಾಮಾನ್ಯಳಲ್ಲ. ಬಿ.ಎಸ್ಸಿ. ಮೊದಲ ದರ್ಜೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನಾಲ್ಕು ಮಕ್ಕಳು, ಮೂವರು ಸೊಸೆಯರಿದ್ದ ಮನೆಯನ್ನು ಒಂದೇ ಕಣ್ಣೋಟದಲ್ಲಿ ನಡೆಸಿದವಳು. ಓಲೆಗರಿಯ ಕೋಣೆಗೆ ಮಡಿಯುಡದೆ ಯಾರೂ ಕಾಲಿಡಕೂಡದು ಎಂಬ ನಿಯಮವೂ ಅವಳದೇ.

ಅಂದು ಕಾರ್ಡು ತಂದವಳು ಪೇಟೆಯ ಕಂಪ್ಯೂಟರ್ ಅಂಗಡಿಯ ಜುಬೇದಾ, ಅಂಬುಜಾಕ್ಷಿಯ ಹಳೆಯ ವಿದ್ಯಾರ್ಥಿನಿ. ಹೊಸ್ತಿಲಲ್ಲೇ ನಿಂತಳು.

"ಟೀಚರ್, ನಾನೇ ಕೂರಿಸಿಕೊಟ್ಟು ಹೋಗ್ತೀನಿ. ಹತ್ತು ನಿಮಿಷದ ಕೆಲಸ."

"ನೀನು ಒಳಗೆ ಬರೋ ಹಾಗಿಲ್ಲಮ್ಮ. ಮಡಿ."

"ಹಾಗಾದ್ರೆ ಇಲ್ಲಿಂದಲೇ ಹೇಳ್ತೀನಿ. ಮೊದಲು..."

"ನೀನು ನನಗೆ ಪಾಠ ಹೇಳ್ತೀಯಾ?"

"ಅಲ್ಲ ಟೀಚರ್, ನೀವುಟ್ಟಿರೋ ರೇಷ್ಮೆ ಸೀರೆ..."

"ಸೀರೆ ನೋಡೋಕೆ ಬಂದೆಯೋ, ಕಾರ್ಡು ಕೊಡೋಕೆ ಬಂದೆಯೋ?"

ಜುಬೇದಾ ಪೆಟ್ಟಿಗೆಯನ್ನು ಹೊಸ್ತಿಲ ಮೇಲಿಟ್ಟು ಹೋದಳು.

ಮರುದಿನ ಅಂಬುಜಾಕ್ಷಿ ಅಂಗಡಿಗೆ ಕಾಗದ ಬರೆದಳು. ಮುತ್ತಿನಂಥ ಅಕ್ಷರ. ನಿಮ್ಮ ಹುಡುಗಿ ಕೆಟ್ಟ ಕಾರ್ಡನ್ನು ಗೊತ್ತಿದ್ದೂ ತಂದುಕೊಟ್ಟಿದ್ದಾಳೆ ಎಂದು ಬರೆದಳು.

ಮೂರು ವಾರದ ಮೇಲೆ ಎರಡನೆಯ ಕಾರ್ಡು ಬಂತು. ತಂದವನು ಬೇರೆ ಯಾರೋ.

"ಜುಬೇದಾ ಎಲ್ಲಪ್ಪಾ?"

"ನಿಮ್ಮ ಕಾಗದ ನೋಡಿ ಸಾಹುಕಾರ್ರು ಬಿಡಿಸಿಬಿಟ್ರಲ್ಲ ಅಮ್ಮಾವ್ರೆ."

ಅಂಬುಜಾಕ್ಷಿಗೆ ಎದೆಯಲ್ಲೇನೋ ಚುಚ್ಚಿತು. ದಿನಚರಿಯಲ್ಲಿ ಮಾತ್ರ "ಎರಡನೆಯ ಕಾರ್ಡು ಬಂತು" ಎಂದಷ್ಟೇ ಬರೆದಳು.

ಮೊದಲ ಸಲದಂತೆಯೇ ರೇಷ್ಮೆಯುಟ್ಟು, ಕಂಬಳಿಯ ಮೇಲೆ ಕುಳಿತು ಅವಳು ಪೆಟ್ಟಿಗೆ ಬಿಚ್ಚುತ್ತಿದ್ದಾಗ, ಸಂಚಾರ ಹೋಗಿದ್ದ ಗುರುಗಳು ಬಂದರು.

"ಮೊದಲನೆಯದು ಏನಾಯಿತು, ತಾಯಿ?"

"ಕೆಟ್ಟದ್ದನ್ನು ಕೊಟ್ಟಿದ್ದರು, ಗುರುಗಳೇ."

"ಅಷ್ಟು ಖಂಡಿತವೇ?"

"ಬರೆದಿಟ್ಟಿದ್ದೇನೆ." ಹೆಮ್ಮೆಯಿಂದಲೇ ದಿನಚರಿ ತೆಗೆದುಕೊಟ್ಟಳು.

ಗುರುಗಳು ಓದಿದರು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು. ಪುಸ್ತಕ ಮುಚ್ಚಿ, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಚೂರುಚೂರು ಮಾಡಿ ನೆಲಕ್ಕೆ ಹರಡಿದರು. ಗೂಡಿನಲ್ಲಿದ್ದ ಗಾಜಿನ ಲೋಟವನ್ನು ಅವಳ ಕೈಗಿತ್ತರು.

"ಸೆರಗಿನಲ್ಲಿ ಒರೆಸು."

"ಒಣಗಿಯೇ ಇದೆಯಲ್ಲ."

"ಒರೆಸು. ಜೋರಾಗಿ."

ಒರೆಸಿದಳು.

"ಈಗ ಚೂರುಗಳ ಹತ್ತಿರ ಹಿಡಿ."

ಕಾಗದದ ಚೂರುಗಳು ಎದ್ದು ಕುಣಿದು ಲೋಟಕ್ಕೆ ಅಂಟಿಕೊಂಡವು.

ವರ್ಷ ವರ್ಷವೂ ಎಂಟನೆಯ ತರಗತಿಗೆ ಅವಳು ತೋರಿಸುತ್ತಿದ್ದ ಪ್ರಯೋಗವದು. ಗಾಜಿನ ಕಡ್ಡಿ, ರೇಷ್ಮೆ ಬಟ್ಟೆ. ಮೊದಲ ಬೆಂಚಿನಲ್ಲಿ ಎರಡು ಜಡೆಯ ಜುಬೇದಾ ಚಪ್ಪಾಳೆ ತಟ್ಟಿದ್ದಳು.

ಅಂಬುಜಾಕ್ಷಿಯ ಕಿವಿ ಬಿಸಿಯಾಯಿತು. ಒಣ ಚಳಿಯ ದಿನ, ಕಂಬಳಿ, ರೇಷ್ಮೆ. ಮೈಮೇಲೆ ಹೊತ್ತಿದ್ದ ವಿದ್ಯುತ್ತನ್ನು ಬೆರಳ ತುದಿಯಿಂದ ತಾನೇ ಕಾರ್ಡಿಗೆ ಇಳಿಸಿದ್ದಳು.

"ಅಂದು ಚುರ್ ಎಂದದ್ದು..."

ಗುರುಗಳು ಚೂರುಗಳನ್ನು ಒಂದೊಂದಾಗಿ ಆರಿಸುತ್ತಿದ್ದರು.

ಜುಬೇದಾಳ ವಿಷಯ, ತಾನು ಬರೆದ ಕಾಗದ, ಎಲ್ಲವನ್ನೂ ಹೇಳಿ ಕೇಳಿದಳು: "ಹಾಗಾದರೆ ಇದನ್ನು ಕೂರಿಸುವುದು ಹೇಗೆ?"

"ನನಗೇನು ಗೊತ್ತು? ಬಲ್ಲವಳನ್ನು ಕೇಳು."

"ಯಾವ ಮುಖ ಇಟ್ಟುಕೊಂಡು ಹೋಗಲಿ, ಗುರುಗಳೇ?"

"ಇರುವುದು ಒಂದೇ ಅಲ್ಲವೇ?"

ಹತ್ತಿಯ ಸೀರೆಯುಟ್ಟು ಹೊರಟಳು. ಮೊದಲು ಅಂಗಡಿ. ನಾಲ್ಕು ಜನ ಗಿರಾಕಿಗಳ ಎದುರಿಗೇ, ಆ ಕಾಗದ ಸುಳ್ಳು, ಕಾರ್ಡು ಸುಟ್ಟವಳು ನಾನು ಎಂದು ಸಾಹುಕಾರನಿಗೆ ಹೇಳಿದಳು.

ಆಮೇಲೆ ಜುಬೇದಾಳ ಮನೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ನಿಂತಳು, ಕುರ್ಚಿ ಹಾಕಲಿಲ್ಲ.

"ತಪ್ಪು ನನ್ನದು, ಜುಬೇದಾ. ಅಂಗಡೀಲೂ ಹೇಳಿ ಬಂದೆ. ನಾಳೆಯಿಂದ ಬರಬೇಕಂತೆ ನೀನು."

"ನೋಡೋಣ. ಹತ್ತೊಂಬತ್ತು ದಿನ ಆಯ್ತು ಮನೇಲಿ ಕೂತು." ಕಾಯಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟು, "ಅವತ್ತು ಹೇಳೋಕೆ ಬಿಡಲಿಲ್ಲ ನೀವು."

"ಇವತ್ತು ಹೇಳು. ಒಳಗೆ ಬಂದು ಹೇಳು."

ಓಲೆಗರಿಯ ಕೋಣೆಯಲ್ಲಿ ಅವಳ ಪಕ್ಕದಲ್ಲೇ ಜುಬೇದಾ ಕುಳಿತಳು. ಕಂಬಳಿಯನ್ನು ಮೂಲೆಗೆ ಎಸೆದಳು.

"ಪ್ಲಗ್ ಕಿತ್ತಿದೀರಾ? ಈಗ ಪವರ್ ಬಟನ್ ಒತ್ತಿ ಹಿಡೀರಿ, ಉಳಿದಿರೋ ಕರೆಂಟೂ ಹೋಗ್ಲಿ. ಮೊದಲು ಕಬ್ಬಿಣ ಮುಟ್ಟಿ. ಬಣ್ಣ ಬಳಿದಿರೋ ಕಡೆ ಅಲ್ಲ, ಡಬ್ಬಿಯ ಬರೀ ಕಬ್ಬಿಣ, ಮೈಮೇಲಿರೋ ಕರೆಂಟು ಅದಕ್ಕಿಳೀಲಿ. ಈಗ ಕಾರ್ಡು ತಗೊಳ್ಳಿ. ಅಂಚಲ್ಲಿ, ಅಂಚಲ್ಲಿ! ಆ ಚಿನ್ನದ ಹಲ್ಲು ಮುಟ್ಟಬೇಡಿ."

ಅಂಬುಜಾಕ್ಷಿ ಅಂಚು ಹಿಡಿದು ಕಾರ್ಡನ್ನು ಅದರ ಸೀಳಿಗೆ ತಂದಳು.

"ನೇರ ಒತ್ತಿ. ಟಕ್ ಅಂತು ನೋಡಿ, ಕೂತ್ಕೊಂಡ್ತು. ಈಗ ಸ್ಕ್ರೂ. ಟೀಚರ್, ಅದು ಉಪ್ಪಿನಕಾಯಿ ಜಾಡಿ ಮುಚ್ಚಳ ಅಲ್ಲ, ಮೆತ್ತಗೆ! ಹಾಂ, ಇನ್ನು ಪವರ್ ವೈರು ಸಿಕ್ಕಿಸಿ."

ಪರದೆ ಹತ್ತಿತು. ಮಾಸಿಹೋಗಿದ್ದ ಓಲೆಯ ಮೇಲೆ ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಜುಬೇದಾ ಬಗ್ಗಿ ನೋಡಿದಳು. ಅಂಬುಜಾಕ್ಷಿಗೆ ತಲೆಯೆತ್ತಲಾಗಲಿಲ್ಲ.

ಜುಬೇದಾ ಹೋದ ಮೇಲೆ ದಿನಚರಿ ತೆರೆದು ಗುರುಗಳ ಮುಂದೆ ಕುಳಿತಳು.

"ಏನೆಂದು ಬರೆಯಲಿ, ಗುರುಗಳೇ? ನಾಚಿಕೆಯಿಂದ ಕೈಯೇ ಏಳುತ್ತಿಲ್ಲ."

"ಜುಬೇದಾ ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಹತ್ತೊಂಬತ್ತು ದಿನ, ಅದನ್ನು ಮೊದಲು ಬರಿ. ಕೆಳಗೆ ಸುಟ್ಟುಹೋದ ಕಾರ್ಡು ಒಂದು ಎಂದು ಬರಿ. ಜಾಗ ಉಳಿದರೆ ನಿನ್ನ ನಾಚಿಕೆ ಬರಿ."