ಬೀಸುಕಲ್ಲು ದಿಬ್ಬ

ಕಲ್ಲಬನ್ನಿಹಾಳದಿಂದ ಪಡುವಣಕ್ಕೆ ಎರಡು ಹರದಾರಿ ನಡೆದರೆ ಎರೆಹೊಲಗಳ ನಡುವೆ ಬೋಳು ದಿಬ್ಬವೊಂದು ಸಿಗುತ್ತದೆ. ಅದರ ಮೇಲೆ ಗುಡಿಯಿಲ್ಲ, ಕಟ್ಟೆಯಿಲ್ಲ, ಸುತ್ತ ಒಂದು ಮನೆಯೂ ಇಲ್ಲ. ಇರುವುದು ಒಂದು ಬೀಸುಕಲ್ಲು, ಅದರ ಪಕ್ಕದಲ್ಲಿ ಮುಷ್ಟಿಗಾತ್ರದ ಕಲ್ಲುಗಳ ದೊಡ್ಡ ರಾಶಿ. ಹಿಟ್ಟು ಬೀಸುವ ಕಲ್ಲು ಈ ಬಯಲಿಗೆ ಹೇಗೆ ಬಂತು ಎಂದು ಹೊಸಬರು ಕೇಳದೆ ಇರುವುದಿಲ್ಲ. ನಮ್ಮೂರಿನ ಕೆಲವರು ಭೀಮಸೇನ ವನವಾಸದಲ್ಲಿ ಹಿಟ್ಟು ಬೀಸಿದ ಕಲ್ಲು ಎಂದುಬಿಡುತ್ತಾರೆ. ಎಲ್ಲಿ ಕಲ್ಲು ಕಂಡರೂ ಭೀಮನನ್ನು ಎಳೆದು ತರುವುದು ನಮ್ಮ ಜನರ ಹಳೆಯ ಚಾಳಿ. ಆ ಮಹಾಕಾಯನಿಗೆ ಈ ಪುಟ್ಟ ಬೀಸುಕಲ್ಲಿನ ಹಿಟ್ಟು ಒಂದು ತುತ್ತಿಗೂ ಸಾಲುತ್ತಿರಲಿಲ್ಲ. ಇದು ಬಾಳವ್ವ ಎಂಬ ಕುರುಬರ ಹೆಣ್ಣುಮಗಳ ಕಲ್ಲು. ನನ್ನ ಸೋದರತ್ತೆಯ ಬಾಯಿಂದ ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆಗೆ ಗಾಡಿದಾರಿ ಬಾರದ ಕಾಲದಲ್ಲಿ, ಸುಗ್ಗಿ ಮುಗಿದ ಮೇಲೆ ಕುರಿಮಂದೆಗಳು ಈ ದಿಬ್ಬದ ಮಗ್ಗುಲಲ್ಲಿ ಬಿಡಾರ ಹೂಡುತ್ತಿದ್ದವು ಎನ್ನುತ್ತಾರೆ. ಕುರಿಗಾರರು ಒಂದೆಡೆ ಮೂರು ದಿನಕ್ಕಿಂತ ಹೆಚ್ಚು ನಿಲ್ಲುವವರಲ್ಲ. ಮೇವು ಮುಗಿಯುತ್ತದೆ, ಗೊಬ್ಬರಕ್ಕಾಗಿ ಮಂದೆಯ ದಾರಿ ಕಾಯುವ ಮುಂದಿನೂರಿನ ರೈತ ಸಿಡಿಮಿಡಿಗೊಳ್ಳುತ್ತಾನೆ. ಬಾಳವ್ವ ಮತ್ತು ಅವಳ ಗಂಡ ಲಕ್ಕಪ್ಪನ ಸಂಸಾರವನ್ನು ಹೊರಲು ಇದ್ದದ್ದು ಒಂದೇ ಎತ್ತು. ಅದರ ಬೆನ್ನಿನ ಒಂದು ಬದಿಗೆ ಗುಡಾರದ ಬಟ್ಟೆ, ಪಾತ್ರೆ ಪಡಗ. ಇನ್ನೊಂದು ಬದಿಗೆ ತೂಕ ಸರಿದೂಗುವಂತೆ ಬಾಳವ್ವ ತವರಿನಿಂದ ತಂದ ಬೀಸುಕಲ್ಲು. ಎರಡು ಬದಿ ಸಮವಾಗದಿದ್ದರೆ ಹೇರು ವಾಲಿ ಎತ್ತಿನ ಬೆನ್ನು ಹುಣ್ಣಾಗುತ್ತದೆ. ಹಾಗಾಗಿ ಕುರಿಗಾರರ ಕಣ್ಣು ನಡೆಯುವಾಗಲೆಲ್ಲ ಹೇರಿನ ಮೇಲೆಯೇ ಇರುತ್ತದೆ.

ಆ ವರ್ಷ ಇಲ್ಲಿ ಬಿಡಾರ ಕೀಳುವ ಹೊತ್ತಿಗೆ ಅವರ ನಾಯಿ ಕೆಂಚ ನೆಲ ಹಿಡಿದಿತ್ತು. ಮೈ ಸುಡುವ ಜ್ವರ, ರಕ್ತ ಬೆರೆತ ಭೇದಿ, ಎದ್ದು ನಿಲ್ಲಲು ಹಿಂಗಾಲಿಗೆ ತ್ರಾಣವಿಲ್ಲ. ಅವರ ಕೂಸು ಮೊದಲ ಬಾರಿ ಹಿಡಿದು ನಿಂತದ್ದು ಆ ನಾಯಿಯ ಬೆನ್ನನ್ನು. ಆದರೆ ಮಂದೆಯ ಪದ್ಧತಿ ಬೇರೆ. ನಡೆಯಲಾರದ ನಾಯಿಯನ್ನು ಗಿಡದ ನೆರಳಲ್ಲಿ ಮಲಗಿಸಿ, ಪಕ್ಕದಲ್ಲಿ ನೀರಿಟ್ಟು ಹೋಗುವುದು. ಬದುಕಿದರೆ ವಾಸನೆ ಹಿಡಿದು ಬರುತ್ತದೆ ಎಂದು ಸಮಾಧಾನ ಹೇಳಿಕೊಳ್ಳುವುದು. ಹಾಗೆ ಬಂದ ನಾಯಿಯನ್ನು ಯಾರೂ ಕಂಡಿರಲಿಲ್ಲ. ಬಾಳವ್ವನ ಕಂಕುಳಲ್ಲಿ ಕೂಸು, ಲಕ್ಕಪ್ಪನ ಕಂಬಳಿಯಲ್ಲಿ ಎರಡು ಎಳೆಮರಿ. ನಾಯಿಯನ್ನು ಹೊರಲು ಇಬ್ಬರಿಗೂ ಕೈ ಬಿಡುವಿರಲಿಲ್ಲ. ಬಾಳವ್ವ ಹೇರಿನ ಹಗ್ಗ ಬಿಚ್ಚಿ ಬೀಸುಕಲ್ಲನ್ನು ಕೆಳಗಿಳಿಸಿದಳು.

“ಹುಚ್ಚ ಹಿಡೀತೇನ ನಿನಗ? ರೊಟ್ಟಿಗೆ ಏನ ಮಾಡ್ತಿ? ನಾಯಿ ಹಿಟ್ಟು ಬೀಸಿ ಕೊಡತೈತೇನು?” ಎಂದು ಲಕ್ಕಪ್ಪ ಹರಿಹಾಯ್ದ.

“ಕಲ್ಲು ಇಟ್ಟಲ್ಲೇ ಇರತೈತಿ. ಇವನ್ನ ಇಟ್ಟು ಹೋದ್ರ ಇರತಾನೇನು? ನೀವ ಹೇಳ್ರಿ,” ಎಂದಳಂತೆ ಬಾಳವ್ವ.

ಲಕ್ಕಪ್ಪ ಹೋಗಿ ಒಂದು ಗೋಣಿ ತಂದ. ಅದರ ಜೋಲಿಯಲ್ಲಿ ಕೆಂಚನನ್ನು ಮಲಗಿಸಿ, ಬೀಸುಕಲ್ಲಿದ್ದ ಬದಿಗೆ ಕಟ್ಟಿದರು. ಕಾಯಿಲೆಯಲ್ಲಿ ಇಳಿದುಹೋದ ನಾಯಿ ಬೀಸುಕಲ್ಲಿನ ತೂಕಕ್ಕೆ ಬರಲಿಲ್ಲ. ಹೇರು ಆಚೆ, ಪಾತ್ರೆಗಳ ಬದಿಗೆ ವಾಲಿತು. ಬಾಳವ್ವ ಮುಷ್ಟಿಗಾತ್ರದ ಐದು ಕಲ್ಲು ಆರಿಸಿ ಜೋಲಿಯ ತಳಕ್ಕೆ ಕಟ್ಟಿದಳು. ಮಂದೆ ಹೊರಟಿತು.

ಮುಂದಿನ ಪಾಡು ಅವಳದು. ಪ್ರತಿ ಬಿಡಾರದಲ್ಲೂ ಅವಳು ಜೊತೆಗೆ ಬಂದ ಬೇರೆ ಕುರಿಗಾರರ ಬೀಸುಕಲ್ಲಿನ ಮುಂದೆ ಕೂರಬೇಕಾಯಿತು. ಅವರ ಜೋಳವನ್ನೆಲ್ಲ ಬೀಸಿಕೊಟ್ಟು, ಕೊನೆಗೆ ತನ್ನ ಪಾಲಿನದನ್ನು ಬೀಸಿಕೊಳ್ಳುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಆ ಪಾಲಿನಲ್ಲೇ ಒಂದು ಹಿಡಿ ನುಣ್ಣನೆಯ ಹಿಟ್ಟನ್ನು ತೆಳ್ಳಗೆ ಗಂಜಿ ಕಾಯಿಸಿ, ಬಟ್ಟೆಯ ತುದಿ ಅದ್ದಿ, ಕೆಂಚನ ದವಡೆಯ ಸಂದಿಗೆ ಹನಿಹನಿಯಾಗಿ ಹಿಂಡುತ್ತಿದ್ದಳು. ಕುಡಿದದ್ದು ಬಹುಪಾಲು ಹೊರಗೇ ಬರುತ್ತಿತ್ತು. ಅವಳು ಒರೆಸಿ, ಗೋಣಿ ಒಗೆದು, ಮತ್ತೆ ಕುಡಿಸುತ್ತಿದ್ದಳು. ಬಿಡಾರದ ಹೆಂಗಸರು ಮೊದಲು ನಕ್ಕರು, ಆಮೇಲೆ ಬೈದರು. ಎರಡನೆಯ ಬಿಡಾರ ಕಿತ್ತಾಗ ಹೇರು ಮತ್ತೆ ಆಚೆ ವಾಲಿತು. ನಾಯಿ ಇನ್ನಷ್ಟು ಹಗುರವಾಗಿತ್ತು. ಲಕ್ಕಪ್ಪ ಇನ್ನೆರಡು ಕಲ್ಲು ತಂದು ಜೋಲಿಗೆ ಹಾಕಿದ. ಅವತ್ತು ದಾರಿಯುದ್ದಕ್ಕೂ ಬಾಳವ್ವ ಅತ್ತಳು ಎನ್ನುತ್ತಾರೆ. ಅಳುತ್ತಲೇ ಜೋಲಿಯ ಮೇಲೆ ಬಿಸಿಲು ಬೀಳದಂತೆ ಸೆರಗು ಹಿಡಿದು ನಡೆದಳು. ಅಂಥ ಜೀವಕ್ಕೆ ನಾವು ಯಾವ ಹೆಸರಿಟ್ಟು ಹೊಗಳಿದರೂ ಕಡಿಮೆಯೇ.

ಐದನೆಯ ಬಿಡಾರ ಕಿತ್ತ ದಿನ, ಹಿಂದೆ ನಡೆಯುತ್ತಿದ್ದ ಲಕ್ಕಪ್ಪ ಸಿಟ್ಟಿನಿಂದ ಕೂಗಿದ: “ಏ, ಹೇರು ವಾಲೇತಿ ನೋಡ, ಹ್ಯಾಂಗ ಕಟ್ಟೀದಿ?” ಕೂಗಿದವನು ಅಲ್ಲೇ ನಿಂತುಬಿಟ್ಟ. ಹೇರು ವಾಲಿದ್ದು ನಾಯಿಯ ಕಡೆಗೆ. ಕೂಸಿಗೆ ಹೇಳುವಷ್ಟು ಮೆಲ್ಲಗೆ, “ಒಂದು ಕಲ್ಲು ತಗಿ,” ಎಂದನಂತೆ. ಅಲ್ಲಿಂದ ಮುಂದೆ ಎರಡು ಮೂರು ಬಿಡಾರಕ್ಕೆ ಒಂದು ಕಲ್ಲು ಇಳಿಯುತ್ತ ಬಂತು. ಇಡೀ ಹಟ್ಟಿ ಕಲ್ಲು ಇಳಿಯುವುದನ್ನೇ ಕಾಯತೊಡಗಿತು. ಬೈದ ಹೆಂಗಸರೇ ಅವಳಿಗೆ ಬೀಸುಕಲ್ಲನ್ನು ಮೊದಲು ಬಿಟ್ಟುಕೊಟ್ಟರು. ಕೊನೆಯ ಕಲ್ಲು ತೆಗೆದ ಬೆಳಿಗ್ಗೆ ಕೆಂಚ ತಾನಾಗಿ ಜೋಲಿಯಿಂದ ಧುಮುಕಿ, ನಾಲ್ಕು ಹೆಜ್ಜೆ ತಟ್ಟಾಡಿ, ಮಂದೆಯ ಮುಂದಕ್ಕೆ ಹೋಗಿ ನಿಂತಿತು. ಆ ಕೊನೆಯ ಕಲ್ಲನ್ನು ಬಾಳವ್ವ ಎಸೆಯದೆ ಸೆರಗಿನಲ್ಲಿ ಕಟ್ಟಿಕೊಂಡಳು.

ಮರುವರ್ಷ ಮಂದೆ ಈ ದಾರಿಗೆ ಬಂದಾಗ, ಬೀಸುಕಲ್ಲನ್ನು ಹೇರಿಕೊಳ್ಳಲು ಲಕ್ಕಪ್ಪ ಹಗ್ಗ ಹಿಡಿದು ದಿಬ್ಬ ಹತ್ತಿದ. ಅಲ್ಲಿ ಬೇರೆ ಹಟ್ಟಿಯ ಮುದುಕನೊಬ್ಬ, ಕಾಲು ಸೋತ ತನ್ನ ನಾಯಿಗೆ ಗಂಜಿ ಕಾಯಿಸಲೆಂದು ಆ ಕಲ್ಲಿನಲ್ಲಿ ಹಿಡಿ ಜೋಳ ಬೀಸುತ್ತ ಕೂತಿದ್ದ. ಮುದಿ ಕೈಗೆ ಕಲ್ಲು ತಿರುಗುತ್ತಿರಲಿಲ್ಲ. ಲಕ್ಕಪ್ಪ ಹಗ್ಗವನ್ನು ಪಕ್ಕಕ್ಕಿಟ್ಟು, ಎದುರಿಗೆ ಕೂತು, ಕಲ್ಲು ತಿರುಗಿಸುವ ಗೂಟಕ್ಕೆ ತಾನೂ ಕೈಹಾಕಿದ. ಬೀಸಿ ಮುಗಿದ ಮೇಲೆ ಹಗ್ಗವನ್ನಷ್ಟೇ ಹಿಡಿದು ಕೆಳಗಿಳಿದು ಬಂದ. ಬಾಳವ್ವ ಮೇಲೆ ಹೋಗಿ, ಸೆರಗಿನ ಕಲ್ಲನ್ನು ಬೀಸುಕಲ್ಲಿನ ಪಕ್ಕದಲ್ಲಿಟ್ಟಳು.

ಈಗ ಕುರಿಗಾರರಷ್ಟೇ ಬರುವುದಿಲ್ಲ. ಹೊಸಪೇಟೆಯ ಕಡೆಯಿಂದ ಆಟೋದಲ್ಲಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಬಂದವರನ್ನೂ ನಾನು ಕಂಡಿದ್ದೇನೆ. ಪಶುವೈದ್ಯರ ಔಷಧಿ ಕೈಚೀಲದಲ್ಲಿರುತ್ತದೆ. ಆದರೂ ಹಿಡಿ ಜೋಳ ತಂದು ಇಲ್ಲಿ ಬೀಸಿ ಒಯ್ಯುತ್ತಾರೆ. ಸಾಕಿದ ಜೀವ ಉಳಿದರೆ ಮರಳಿ ಬಂದು ರಾಶಿಗೆ ಒಂದು ಕಲ್ಲು ಸೇರಿಸುತ್ತಾರೆ. ಉಳಿಯದಿದ್ದರೂ ಕೆಲವರು ಬಂದು, ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಗೂಟ ಮುರಿದಾಗ ಯಾರೋ ಹೊಸದು ಬಡಿದಿರುತ್ತಾರೆ, ಯಾರೆಂದು ತಿಳಿಯದು. ಬಾಳವ್ವ ಎರಡೂ ಕೈಯಲ್ಲಿ ಏದುಸಿರು ಬಿಡುತ್ತ ಇಳಿಸಿದ ಮೇಲಿನ ಕಲ್ಲು ಬೀಸಿ ಬೀಸಿ ಸವೆದು, ಈಗ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಗಿದೆ. ಯಾರೂ ಎತ್ತಿಕೊಂಡು ಹೋಗಿಲ್ಲ.