ಹಗೇವಿನ ಚಪ್ಪಡಿಯ ಮೇಲೆ ಕೂತ ಗುರುಗಳು

ಮಲಪ್ರಭೆಯ ದಂಡೆಯ ಮಠದಲ್ಲಿ ಶಂಭಯ್ಯನೆಂಬ ಶಿಷ್ಯನಿದ್ದ. ತಂಗಿಯ ಮದುವೆಗೆಂದು ತಂದೆ ಬಿಟ್ಟುಹೋದ ಮೂವತ್ತು ಚೀಲ ಜೋಳವನ್ನು ಅವನು ಅಂಗಳದ ಹಗೇವಿನಲ್ಲಿ, ನೆಲದಡಿಯ ಆ ಕಣಜದಲ್ಲಿ, ತುಂಬಿಸಿಟ್ಟಿದ್ದ. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ್ದ. ದೀಪಾವಳಿ ಕಳೆದ ಮೇಲೆ ಮದುವೆ. ಚೀಲಕ್ಕೆ ಹನ್ನೆರಡು ರೂಪಾಯಿ ಬಂದರೆ ಸಾಕಿತ್ತು.

ನೆಲದೊಳಗಿನ ಜೋಳಕ್ಕೆ ಏನೂ ಆಗಿರಲಿಲ್ಲ. ನಿದ್ದೆ ಕೆಟ್ಟದ್ದು ಶಂಭಯ್ಯನದು.

ಆಚೆ ದಡದ ಸಂತೆಯ ಧಾರಣೆಯನ್ನು ಅಂಬಿಗ ಯಂಕಪ್ಪ ತರುತ್ತಿದ್ದ. ದೋಣಿಯ ಹುಟ್ಟಿನ ಸದ್ದು ಕೇಳಿದರೆ ಶಂಭಯ್ಯ ಪೂಜೆಯ ತಂಬಿಗೆ ಬಿಟ್ಟು ಓಡುತ್ತಿದ್ದ. ಧಾರಣೆ ಇಳಿಯಿತೆಂದರೆ ಮಾರಿಬಿಡಲು ಹಗೇವು ತೆರೆಯುತ್ತಿದ್ದ. ಬಂಡಿ ಬರುವಷ್ಟರಲ್ಲಿ ಏರಿತೆಂದರೆ ಮುಚ್ಚುತ್ತಿದ್ದ. ಹೀಗೆ ಎರಡು ಸಲ ಶ್ರಾವಣದ ತೇವದ ಗಾಳಿ ಒಳಹೊಕ್ಕಿತು. ಮೂರು ಚೀಲ ಕಾಳು ಮುಗ್ಗಿ ಹಾಳಾಯಿತು.

ಮೂರನೆಯ ಸಲ ಹಾರೆ ಹಿಡಿದು ಬಂದಾಗ, ಗುರುಗಳು ಚಪ್ಪಡಿಯ ಮೇಲೆ ಕಂಬಳಿ ಹಾಸಿ ಕೂತಿದ್ದರು.

"ಏಳ್ರಿ ಅಜ್ಜಾರ. ಧಾರಣಿ ಎಂಟಕ್ಕ ಇಳದೈತಿ."

"ಇವತ್ತು ನಿನಗ ರೊಕ್ಕ ಯಾತಕ್ಕ ಬೇಕು?"

"ಇವತ್ತು ಬ್ಯಾಡ್ರಿ. ನಾಳೆ ಆರಕ್ಕ ಬಂದ್ರ?"

"ಹಂಗಾರ ನಾಳೆ ಬಾ."

ಮರುದಿನವೂ ಬಂದ, ಅದರ ಮರುದಿನವೂ ಬಂದ. ಗುರುಗಳ ಜಪ ಅಲ್ಲೇ, ಪ್ರಸಾದ ಅಲ್ಲೇ.

"ಏನ್ರಿ ಶಂಭಯ್ಯ," ಯಂಕಪ್ಪ ನಕ್ಕ, "ಅಜ್ಜಾರನ್ನೂ ಕೂಡಿಸಿ ತೂಕಕ್ಕ ಹಾಕ್ತೀರೇನು?"

ಧಾರಣೆ ನಿಜವಾಗಿಯೂ ಆರಕ್ಕೆ ಬಂದ ದಿನ ಶಂಭಯ್ಯ ತಡೆಯಲಾರದೆ ಕೂಗಿಬಿಟ್ಟ.

"ತಂಗಿ ಮದುವಿ ನಿಂತರ ಹೊಣಿ ನೀವೇನ್ರಿ?"

"ಬಿಸಲಾಗ ಕೂತಾಂವ ನಾನು," ಎಂದರು ಗುರುಗಳು. "ನೀ ಯಾಕ ಬೆವರತಿ?"

ನವರಾತ್ರಿ ಬಂತು. ಧಾರಣೆ ಹತ್ತಾಯಿತು. ದೀಪಾವಳಿಯ ಮರುದಿನ ಹದಿನಾಲ್ಕಾಯಿತು. ಮುಗ್ಗಿದ ಮೂರು ಚೀಲ ಕಳೆದರೂ ಮದುವೆಗೆ ಬೇಕಾದಷ್ಟು ಬರುತ್ತಿತ್ತು. ಅಂದು ಬೆಳಿಗ್ಗೆ ಮಠದ ಬಾಗಿಲಿಗೆ ಬಂಡಿಗಳು ಬಂದು ನಿಂತವು. ಹೇಳಿ ಕಳಿಸಿದವರು ಗುರುಗಳೇ. ಅವರು ಎದ್ದು ಕಂಬಳಿ ಕೊಡವಿದರು.

ಶಂಭಯ್ಯ ಓಡಿಬಂದು ಕಾಲು ಹಿಡಿದ.

"ಏಳಬ್ಯಾಡ್ರಿ ಅಜ್ಜಾರ! ಮುಂದಿನ ಸಂತಿಗೆ ಹದಿನೆಂಟು ಆಗತೈತಂತ. ಇನ್ನೊಂದು ವಾರ ಕೂಡ್ರಿ."

"ಮದುವಿಗೆ ಇದು ಸಾಲೂದಿಲ್ಲೇನು?"

"ಸಾಲತೈತ್ರಿ. ಆದರ..."

ಗುರುಗಳು ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡರು.

ಶಂಭಯ್ಯನಿಗೆ ಸಿಟ್ಟು ಬಂತು. "ಇಳದಾಗ ಕೂತ್ರಿ, ಏರಿದಾಗ ಏಳ್ತೀರಿ. ಜ್ವಾಳದ ಬಗ್ಗೆ ನಿಮಗ ಏನ ಗೊತ್ತೈತ್ರಿ?"

"ಏನೂ ಗೊತ್ತಿಲ್ಲಪ. ಏಳ್ರಿ ಅಂದಾಂವ ನೀ, ಕೂಡ್ರಿ ಅಂದಾಂವ ನೀ. ಜ್ವಾಳ ಒಂದ ದಿನಾನೂ ನನ್ನ ಏನೂ ಕೇಳಿಲ್ಲ."