ಏಟು ಬೀಳದ ಒಂಬತ್ತು ಹಣ್ಣು

"ಗುರುಗಳೇ, ನಿಜವಾಗಿ ಕಷ್ಟದಲ್ಲಿರುವವರು ಯಾರೆಂದು ತಿಳಿಯಲು ಕಣ್ಣಿಂದ ಒಮ್ಮೆ ನೋಡಿದರೆ ಸಾಲದೇ?" ಎಂದು ಶಿಷ್ಯ ಕೇಳಿದ.

ಹಳ್ಳ ಉಕ್ಕಿ ಹೊಲಗಳು ಕೊಚ್ಚಿಹೋದ ಊರೊಂದನ್ನು ಅವನು ಆಗಷ್ಟೇ ಸುತ್ತಿ ಬಂದಿದ್ದ. ಮಠದ ಬಿತ್ತನೆ ಬೀಜ ಯಾರಿಗೆ ಸಲ್ಲಬೇಕೆಂದು ಹದಿನಾಲ್ಕು ಮನೆಗಳ ಪಟ್ಟಿ ಬರೆದು ತಂದಿದ್ದ. ಒಂದೇ ದಿನದಲ್ಲಿ ಮುಗಿಸಿದೆನೆಂಬ ಹೆಮ್ಮೆ ಅವನ ದನಿಯಲ್ಲಿತ್ತು. ಗುರುಗಳು ಪಟ್ಟಿಯನ್ನು ನೋಡದೆ ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಇಬ್ಬರು ರೈತರಿದ್ದರು. ಇಬ್ಬರ ಹೊಲಕ್ಕೂ ನಡುವೆ ಒಂದೇ ಬದು. ಆ ವರ್ಷ ಇಬ್ಬರೂ ಕಲ್ಲಂಗಡಿ ಹಾಕಿದ್ದರು. ಕೊಯ್ಲಿಗೆ ಇನ್ನೊಂದು ವಾರವಿದೆ ಎನ್ನುವಾಗ ಆಲಿಕಲ್ಲು ಬಿತ್ತು. ಕಾಲು ಗಂಟೆ ಬಿದ್ದಿರಬೇಕು, ಅಷ್ಟೇ. ಎರಡೂ ಹೊಲಗಳ ಹಣ್ಣು ಒಡೆದು ಬಾಯಿಬಿಟ್ಟವು. ಆಲಿಕಲ್ಲಿಗೆ ಬದು ಕಾಣುವುದಿಲ್ಲ ನೋಡು.

ಬೆಳೆ ಹಾಳಾದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ, ಹೊಲ ನೋಡಲು ಅಧಿಕಾರಿ ಬರುತ್ತಾರೆ ಎಂದು ಸುದ್ದಿ ಬಂತು. ಮೂರರಲ್ಲಿ ಒಂದು ಪಾಲಾದರೂ ಹಾಳಾಗಿದ್ದರೆ ಮಾತ್ರ ಪರಿಹಾರ. ಅದು ಕೈಗೆ ಬಂದರೆ ಮುಂಗಾರಿಗೆ ಬಿತ್ತಬಹುದು. ಬಾರದಿದ್ದರೆ ಹೊಲ ಬೀಳು.

ಮೊದಲನೆಯ ರೈತ ಅಧಿಕಾರಿಯನ್ನು ನೇರವಾಗಿ ಹೊಲದ ನಡುವಿಗೆ ಕರೆದೊಯ್ದ. ಕೊಳೆತ ಹಣ್ಣಿನ ನಾತಕ್ಕೆ ಅಧಿಕಾರಿ ಮೂಗು ಮುಚ್ಚಿಕೊಂಡರು. ರೈತ ಗೋಳೋ ಎಂದು ಅತ್ತ. ಆ ಅಳುವಿನಲ್ಲಿ ಸುಳ್ಳೇನೂ ಇರಲಿಲ್ಲ. ಅಧಿಕಾರಿ ಬರೆದುಕೊಂಡರು.

ಎರಡನೆಯ ರೈತನಿಗೆ ಬೇರೆಯದೇ ಚಿಂತೆ. ಅಷ್ಟು ದೂರದಿಂದ ಬಿಸಿಲಲ್ಲಿ ಬರುವವರಿಗೆ ಏನು ಕೊಡುವುದು? ಯಾರಾದರೂ ಬರುತ್ತಾರೆಂದರೆ ಅಂಗಳ ಗುಡಿಸಿ ನೀರು ಚಿಮುಕಿಸುವ ಜನ ಅವರು. ಗಂಡ ಹೆಂಡತಿ ಸೇರಿ ದಾರಿ ಬದಿಯ ಕೊಳೆತ ಹಣ್ಣನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಸುರಿದರು. ಬಳ್ಳಿ ಬಳ್ಳಿ ತಡಕಿ, ಏಟು ಬೀಳದ ಒಂಬತ್ತು ಹಣ್ಣು ಹುಡುಕಿದರು. ಇಡೀ ಹೊಲದಲ್ಲಿ ಉಳಿದದ್ದೇ ಅಷ್ಟು. ಅಧಿಕಾರಿಯನ್ನು ಬೇವಿನ ನೆರಳಲ್ಲಿ ಕಂಬಳಿ ಹಾಸಿ ಕೂರಿಸಿದರು. ಒಂದು ಹಣ್ಣು ಕೊಯ್ದು ಮುಂದಿಟ್ಟರು, ಉಳಿದ ಎಂಟನ್ನು ಅವರ ಜೀಪಿಗೆ ಹಾಕಿದರು.

ಹಣ್ಣು ಬಹಳ ಸಿಹಿಯಾಗಿತ್ತು. "ಬೆಳೆ ಹೇಗಿದೆ ಯಜಮಾನ್ರೇ?" ಎಂದರು ಅಧಿಕಾರಿ.

"ದೇವ್ರು ಕೊಟ್ಟಷ್ಟು ಐತೆ ಸ್ವಾಮಿ. ನೀವು ಮೊದ್ಲು ತಿನ್ನಿ," ಎಂದ ರೈತ.

ಆ ಅಧಿಕಾರಿ ಲಂಚ ಮುಟ್ಟುವವರಲ್ಲ. ಕಂಡದ್ದನ್ನು ಮಾತ್ರ ಬರೆಯುವವರು. ಅವತ್ತೂ ಕಂಡದ್ದನ್ನೇ ಬರೆದರು.

ಪರಿಹಾರದ ಹೆಸರುಗಳನ್ನು ಪಂಚಾಯಿತಿ ಗೋಡೆಗೆ ಅಂಟಿಸಿದಾಗ ಮೊದಲನೆಯ ರೈತನ ಹೆಸರಿತ್ತು, ಎರಡನೆಯವನದು ಇರಲಿಲ್ಲ. "ಅವತ್ತು ಒಡೆದಿದ್ದನ್ನೇ ಮುಂದಿಟ್ಟಿದ್ರೆ ಆಗ್ತಿತ್ತು," ಎಂದಳು ಹೆಂಡತಿ. "ಬಿಸಿಲಲ್ಲಿ ಬಂದೋರಿಗೆ ಅದನ್ನ ಕೊಡೋಕೆ ಕೈ ಹೆಂಗೆ ಬರ್ತದೆ?" ಎಂದ ಅವನು. ಅವಳಿಗೂ ಬರುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಮುಂಗಾರು ಚೆನ್ನಾಗಿಯೇ ಆಯಿತು. ಅವರ ಹೊಲ ಬೀಳು ಬಿತ್ತು. ಗಂಡ ಹೆಂಡತಿ ಇಬ್ಬರೂ ಬದು ದಾಟಿ ಪಕ್ಕದ ಹೊಲಕ್ಕೆ ಕೂಲಿಗೆ ಹೋದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು. "ಎಂಥ ಅಧಿಕಾರಿ ಗುರುಗಳೇ! ಅವರ ಹಣ್ಣು ತಿಂದು ಕೂತಿದ್ದರಲ್ಲ, ಎದ್ದು ನಾಲ್ಕು ಹೆಜ್ಜೆ ಹೊಲದೊಳಗೆ ಹೋಗಬಾರದಿತ್ತೇ?" ಎಂದ.

ಗುರುಗಳು ಅವನು ತಂದ ಪಟ್ಟಿಯನ್ನು ಕೈಗೆತ್ತಿಕೊಂಡು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಅವರು ಕೇಳಿದ್ದು ಇಷ್ಟೇ:

"ಇವತ್ತು ಮಧ್ಯಾಹ್ನ ನಿನಗೆ ಹೊಟ್ಟೆ ತುಂಬ ಊಟ ಹಾಕಿದ ಮನೆ ಇದರಲ್ಲಿ ಯಾವುದು?"